ಕದಲದ ಕುದುರೆ, ನೋಯದ ಕುದುರೆ

ಕುದುರೆಗೆ ಪೂರ್ಣ ಅರಿವಳಿಕೆ ಕೊಡುವುದು ಎದೆ ಗಟ್ಟಿಮಾಡಿಕೊಂಡು ಮಾಡಬೇಕಾದ ಕೆಲಸ. ಬ್ರಿಟನ್ನಿನ ಪಶುವೈದ್ಯರ ನೇತೃತ್ವದಲ್ಲಿ 41,000ಕ್ಕೂ ಹೆಚ್ಚು ಪ್ರಕರಣಗಳನ್ನು ಕಲೆಹಾಕಿ 2002ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಹೊಟ್ಟೆಶೂಲೆಯ ಶಸ್ತ್ರಚಿಕಿತ್ಸೆಗಳನ್ನು ಬಿಟ್ಟರೂ ನೂರರಲ್ಲಿ ಸುಮಾರು ಒಂದು ಕುದುರೆ ವಾರದೊಳಗೆ ಸಾಯುತ್ತಿತ್ತು. ಕೆಲವಕ್ಕೆ ಹೃದಯ ನಿಲ್ಲುತ್ತಿತ್ತು. ಕೆಲವು ಎಚ್ಚರವಾಗಿ ಎದ್ದು ನಿಲ್ಲುವ ಭರದಲ್ಲಿ ಕಾಲು ಮುರಿದುಕೊಳ್ಳುತ್ತಿದ್ದವು. ಉಸಿರಿನ ಮೂಲಕ ಕೊಡುವ ಹ್ಯಾಲೊಥೇನ್, ಐಸೊಫ್ಲುರೇನ್‌ನಂಥ ಆವಿಗಳು ರಕ್ತದೊತ್ತಡವನ್ನು ಇಳಿಸುತ್ತವೆ. ಐನೂರು ಕಿಲೋ ತೂಕದ ದೇಹ ಗಂಟೆಗಟ್ಟಲೆ ಒಂದೇ ಮಗ್ಗುಲಲ್ಲಿ ಬಿದ್ದಿರುವಾಗ, ಅಡಿಯ ಸ್ನಾಯುಗಳಿಗೆ ರಕ್ತ ಸಾಲದೆ ಅವು ಹಾಳಾಗುತ್ತವೆ. ಹಾಗಾದರೆ ಆವಿಯನ್ನು ಕಡಿಮೆ ಮಾಡುವುದು ಹೇಗೆ?

ಅದಕ್ಕೆ ಮೊದಲು ಅಳತೆಗೋಲು ಬೇಕಿತ್ತು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಡ್ಮಂಡ್ ಈಗರ್ ಮತ್ತು ಸಂಗಡಿಗರು 'ಮ್ಯಾಕ್' ಎಂಬ ಮಾನವನ್ನು ರೂಪಿಸಿದರು. ನೋವು ಕೊಟ್ಟಾಗ ಅರ್ಧದಷ್ಟು ಮಂದಿ ಕದಲದಿರಲು ಶ್ವಾಸಕೋಶದಲ್ಲಿ ಎಷ್ಟು ಆವಿ ಇರಬೇಕೆಂಬುದೇ ಮ್ಯಾಕ್. 1977ರಲ್ಲಿ ಯೂಜೀನ್ ಸ್ಟೆಫಿ ಮತ್ತು ಜೊತೆಗಾರರು ಕುದುರೆಗಳ ಲೆಕ್ಕ ಕೊಟ್ಟರು: ಹ್ಯಾಲೊಥೇನ್ ಶೇ. 0.88, ಐಸೊಫ್ಲುರೇನ್ ಶೇ. 1.31.

ಈಗ ಬೇರೆ ಔಷಧಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದಿತ್ತು. 1962ರಲ್ಲಿ ಜರ್ಮನಿಯ ಬೇಯರ್ ಕಂಪನಿ ರಕ್ತದೊತ್ತಡಕ್ಕೆಂದು ತಯಾರಿಸಿದ ಜೈಲಜೀನ್, ಪ್ರಾಣಿಗಳಿಗೆ ಮಂಪರು ತರಿಸುವ ಔಷಧವಾಗಿ ನೆಲೆಯೂರಿತ್ತು. ಸ್ಟೆಫಿಯವರ ತಂಡ 2000ದಲ್ಲಿ ತೋರಿಸಿದಂತೆ, ಕಿಲೋ ತೂಕಕ್ಕೆ ಅರ್ಧ ಮಿಲಿಗ್ರಾಂ ಜೈಲಜೀನ್ ಕೊಟ್ಟರೆ ಐಸೊಫ್ಲುರೇನ್‌ನ ಅಗತ್ಯ ಸುಮಾರು ಕಾಲುಭಾಗ ಇಳಿಯುತ್ತದೆ. ಒಂದು ಮಿಲಿಗ್ರಾಂ ಕೊಟ್ಟರೆ ಮೂರನೇ ಒಂದು ಭಾಗ. ಆದರೆ ಜೈಲಜೀನ್ ತಾನೂ ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ಆದ್ದರಿಂದ ಆವಿ ಇಳಿದಷ್ಟೂ ಲಾಭವೆಂದು ಹೇಳುವಂತಿಲ್ಲ.

ನೋವು ನಿವಾರಕಗಳ ರಾಜನೆನಿಸಿದ ಮಾರ್ಫಿನ್ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ನಾಯಿಗಳಲ್ಲಿ ಅದು ಆವಿಯ ಅಗತ್ಯವನ್ನು ಸ್ಪಷ್ಟವಾಗಿ ತಗ್ಗಿಸುತ್ತದೆ. ಅದೇ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಕುದುರೆಗಳಿಗೆ ಕಡಿಮೆ ಆವಿ ಸಾಕಾಯಿತು, ಕೆಲವಕ್ಕೆ ಇನ್ನೂ ಹೆಚ್ಚು ಬೇಕಾಯಿತು. ಮಾರ್ಫಿನ್ ಹೆಚ್ಚಾದರೆ ಕುದುರೆ ಮಂಕಾಗುವ ಬದಲು ಉದ್ರೇಕಗೊಳ್ಳುತ್ತದೆ, ನಿಂತಲ್ಲಿ ನಿಲ್ಲದೆ ಹೆಜ್ಜೆ ಹಾಕುತ್ತದೆ.

ವಿಜ್ಞಾನದ ಇತಿಹಾಸ ಓದುವ ನನಗೆ ಇಲ್ಲಿ ಮುಖ್ಯವೆನಿಸುವುದು ಅಳತೆಗೋಲಿನ ಮಿತಿ. ಮ್ಯಾಕ್ ಎಣಿಸುವುದು ಕದಲಿಕೆಯನ್ನು, ನೋವನ್ನಲ್ಲ. ಔಷಧವೇ ಕಾಲನ್ನು ಕುಣಿಸುವಾಗ, ಒದ್ದ ಕುದುರೆಗೆ ನೋವಾಯಿತೋ ಇಲ್ಲವೋ ಎಂದು ಆ ಅಂಕಿ ಹೇಳಲಾರದು. ಅದನ್ನೇ ನಂಬಿ 'ಕುದುರೆಗೆ ಮಾರ್ಫಿನ್ ಪ್ರಯೋಜನವಿಲ್ಲ' ಎಂದುಬಿಟ್ಟರೆ, ಎಚ್ಚರವಾದ ಮೇಲೆ ನರಳುವುದು ಆ ಮೂಕಪ್ರಾಣಿ. ನೋವನ್ನು ಬೇರೆಯಾಗಿಯೇ ಓದಬೇಕು. 2014ರಲ್ಲಿ ಯುರೋಪಿನ ಸಂಶೋಧಕರು ಕುದುರೆಯ ಮುಖಭಾವದ ಮಾಪಕವೊಂದನ್ನು ಪ್ರಕಟಿಸಿದರು. ಅದರಲ್ಲಿ ನೋಡುವುದು ಹಿಂದಕ್ಕೆ ಬಿಗಿದ ಕಿವಿ, ಕಿರಿದಾದ ಕಣ್ಣು, ಸೆಟೆದ ಮೂಗಿನ ಹೊಳ್ಳೆಗಳನ್ನು.