ದಂಡು, ಪೇಟೆ ಮತ್ತು ಮೂಡಲ ದಾರಿ: 1949ರ ವಿಲೀನದ ನಂತರದ ಬೆಂಗಳೂರು

1. ಪ್ರಶ್ನೆ

ಕೃಷ್ಣರಾಜಪುರದಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಪಡುವಣಕ್ಕೆ ಹೊರಟರೆ ಬೈಯಪ್ಪನಹಳ್ಳಿ, ಬೆಂಗಳೂರು ಪೂರ್ವ, ಬೆಂಗಳೂರು ದಂಡು, ಕೊನೆಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ ಸಿಗುತ್ತವೆ. ಜೋಲಾರಪೇಟೆಯ ಕಡೆಯಿಂದ ಬಂದ ರೈಲು 1864ರಲ್ಲಿ ಮೊದಲು ನಿಂತದ್ದು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ. ಪೇಟೆಯ ಕಡೆಯವರು ತಮ್ಮದೇ ನಿಲ್ದಾಣಕ್ಕಾಗಿ 1880ರ ದಶಕದವರೆಗೆ ಕಾದರು. ಮಲ್ಲೇಶ್ವರ, ಬಸವನಗುಡಿಯ ಹಿರಿಯರ ಬಾಯಲ್ಲಿ ‘ದಂಡಿಗೆ ಹೋಗಿಬಂದೆ’ ಎಂದರೆ ಪರ ಊರಿಗೆ ಹೋಗಿಬಂದಷ್ಟೇ ಆಗಿತ್ತು.

ಆ ಎರಡು ಊರುಗಳ ಪೌರಾಡಳಿತವನ್ನು 1949ರ ಕಾಯಿದೆ ಒಂದೇ ಕಾರ್ಪೊರೇಷನ್ನಿನ ಕೆಳಗೆ ತಂದಿತು. ನಗರದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ‘ಎರಡೂ ಒಂದಾದವು, ಆಮೇಲೆ ಬೆಂಗಳೂರು ಬೆಳೆಯಿತು’ ಎಂದು ಬರೆದು ಮುಂದೆ ಸಾಗುತ್ತಾರೆ. ಈ ‘ಆಮೇಲೆ’ಯನ್ನು ‘ಆದ್ದರಿಂದ’ ಎಂದು ಓದಬಹುದೇ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ನನ್ನ ವಾದ ಇಷ್ಟು: ಎರಡು ಊರುಗಳ ಬೆಸುಗೆ ಅವುಗಳ ನಡುವಿನ ಗಡಿಯಲ್ಲಿ ಬಿದ್ದದ್ದಕ್ಕಿಂತ ಹೆಚ್ಚಾಗಿ ಎರಡಕ್ಕೂ ಸೇರದಿದ್ದ ಮೂಡಣ ಬಯಲಿನಲ್ಲಿ, ಹಲಸೂರಿನ ಆಚೆಗೆ ಬಿತ್ತು.

2. ಎರಡು ಊರು, ಎರಡು ದೊರೆತನ

ಶ್ರೀರಂಗಪಟ್ಟಣದ ಮಲೇರಿಯಾಕ್ಕೆ ಬೇಸತ್ತ ಬ್ರಿಟಿಷ್ ಪಡೆ 1809ರಲ್ಲಿ ಹಲಸೂರು ಕೆರೆಯ ಆಸುಪಾಸಿನಲ್ಲಿ ಬಿಡಾರ ಹೂಡಿತು. ಕೆಂಪೇಗೌಡರ ಪೇಟೆ ಅದಾಗಲೇ ನೇಯ್ಗೆಗೂ ವ್ಯಾಪಾರಕ್ಕೂ ಹೆಸರಾದ ಊರು. ಅದರ ಮಗ್ಗುಲಲ್ಲಿ ಸೈನ್ಯದ ಊರೊಂದು ತಲೆಯೆತ್ತಿತು. ಸೈನ್ಯದ ಹಿಂದೆಯೇ ತಮಿಳು ಸೀಮೆಯ ಗುತ್ತಿಗೆದಾರರು, ಕೂಲಿಗಳು, ಕಚ್ಛಿ ಮೇಮನ್ ವರ್ತಕರು, ದಖನಿ ಮಾತಾಡುವ ಕುಶಲಕರ್ಮಿಗಳು, ಆಂಗ್ಲೋ ಇಂಡಿಯನ್ನರು ಬಂದು ನೆಲೆಸಿದರು. ಬ್ಲ್ಯಾಕ್‌ಪಲ್ಲಿ ಎಂಬ ಹೆಸರಿದ್ದ ಇಂದಿನ ಶಿವಾಜಿನಗರ ಇವರೆಲ್ಲರ ಸಂತೆಯಾಯಿತು.

1862ರಲ್ಲೇ ಎರಡಕ್ಕೂ ಬೇರೆ ಬೇರೆ ಪುರಸಭೆಗಳು ಬಂದವು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗ ಸುಮಾರು 13.5 ಚದರ ಮೈಲಿಯ ದಂಡು ಪ್ರದೇಶ ಮಾತ್ರ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ವಶದಲ್ಲಿ ಉಳಿಯಿತು. ಪೇಟೆಯ ಕಡೆ ದಿವಾನರ ಸರ್ಕಾರ, ದಂಡಿನ ಕಡೆ ರೆಸಿಡೆನ್ಸಿ, ನಡುವೆ 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕು. ನಾಲ್ಕೂ ದಿಕ್ಕಿನಲ್ಲಿ ಮೈಸೂರಿನ ನೆಲವೇ ಇದ್ದುದರಿಂದ ಸ್ಟೇಷನ್ ಒಂದು ನಡುಗಡ್ಡೆ. ಅದರ ಮೂಡಣ ಅಂಚಿನ ಆಚೆಗಿದ್ದ ಬಿನ್ನಮಂಗಲ, ಬೈಯಪ್ಪನಹಳ್ಳಿ, ಕೃಷ್ಣರಾಜಪುರಗಳೂ ಮೈಸೂರಿನವೇ. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ. ದಂಡು ಮೈಸೂರಿಗೆ ಮರಳಿದ್ದು ಸ್ವಾತಂತ್ರ್ಯಕ್ಕೆ ಮೂರು ವಾರವೂ ಇಲ್ಲದ ಹೊತ್ತಿನಲ್ಲಿ, 1947ರ ಜುಲೈ 26ರಂದು.

3. ಜನಗಣತಿಯ ಸಾಕ್ಷ್ಯ

1881ರಲ್ಲಿ ಪೇಟೆಯ ಜನಸಂಖ್ಯೆ 62,317, ದಂಡಿನದು 93,540. ಅಂದರೆ ಬೆಂಗಳೂರಿನ ನೂರರಲ್ಲಿ ಅರವತ್ತು ಮಂದಿ ದಂಡಿನವರು. 1891ರಲ್ಲಿ ಪೇಟೆ 80,285, ದಂಡು 1,00,081. 1898ರಲ್ಲಿ ಪ್ಲೇಗು ಬಂತು. 1901ರ ಗಣತಿಯಲ್ಲಿ ಪೇಟೆ 69,447ಕ್ಕೂ ದಂಡು 89,599ಕ್ಕೂ ಇಳಿದಿದ್ದವು. ಸತ್ತವರು, ಊರು ಬಿಟ್ಟವರು ಇಬ್ಬರೂ ಸೇರಿದ ಈ ಇಳಿಕೆ ಎರಡೂ ಕಡೆ ಹತ್ತು ಸಾವಿರದ ಐನೂರರ ಆಚೀಚೆ. ಪರಿಹಾರ ಮಾತ್ರ ಅವರವರದು: ಪೇಟೆಯವರು ಬಸವನಗುಡಿ, ಮಲ್ಲೇಶ್ವರಗಳತ್ತ ಹರಡಿಕೊಂಡರು, ದಂಡಿನವರಿಗೆ ಫ್ರೇಜರ್ ಟೌನಿನಂಥ ಹೊಸ ಬಡಾವಣೆಗಳಾದವು.

1921ರ ಅಂಕಿಗಳು ಗಮನ ಸೆಳೆಯುತ್ತವೆ. ಪೇಟೆ 1,18,556, ದಂಡು 1,18,940. ವ್ಯತ್ಯಾಸ ಬರೀ 384. ಹತ್ತೇ ವರ್ಷದಲ್ಲಿ, 1931ಕ್ಕೆ, ಪೇಟೆ 1,72,357 ಮುಟ್ಟಿತು, ದಂಡು 1,34,113ರಲ್ಲಿತ್ತು. 1941ಕ್ಕೆ ಪೇಟೆ 2,48,334, ದಂಡು 1,58,426. ಅರವತ್ತು ವರ್ಷಗಳಲ್ಲಿ ಪೇಟೆ ಹತ್ತಿರ ಹತ್ತಿರ ನಾಲ್ಕು ಪಟ್ಟಾಗಿತ್ತು, ದಂಡು ಎರಡು ಪಟ್ಟೂ ಆಗಿರಲಿಲ್ಲ. ಸೈನ್ಯದ ಸಂಬಳವನ್ನು ನೆಚ್ಚಿಕೊಂಡ ಊರಿನ ಬೆಳವಣಿಗೆಗೆ ಒಂದು ಮಿತಿಯಿತ್ತು. ಗಿರಣಿ, ವಿದ್ಯುತ್ತು, ದಿವಾನರ ಕೈಗಾರಿಕಾ ನೀತಿಗಳ ಬೆಂಬಲ ಸಿಕ್ಕ ಊರು ಅದನ್ನು ದಾಟಿ ಮುಂದೆ ಹೋಯಿತು. ವಿಲೀನದ ಹೊತ್ತಿಗೆ ದಂಡು ಸಮಬಲದ ಜೋಡಿಯಾಗಿ ಉಳಿದಿರಲಿಲ್ಲ.

1951ರಲ್ಲಿ ಒಂದಾದ ನಗರದ ಜನಸಂಖ್ಯೆ 7,78,977. 1941ರ ಎರಡೂ ಭಾಗಗಳ ಮೊತ್ತ 4,06,760. ಇದು ಶೇಕಡ 91ಕ್ಕೂ ಮೀರಿದ ಏರಿಕೆ. ಹೋಲಿಸುತ್ತಿರುವುದು ಎರಡೂ ಊರುಗಳ ಮೊತ್ತವನ್ನೇ ಆದ್ದರಿಂದ, ಈ ಏರಿಕೆ ಎರಡನ್ನು ಕೂಡಿಸಿದ್ದರಿಂದ ಬಂದ ಬರೀ ಲೆಕ್ಕದ ಹಿಗ್ಗಲ್ಲ. ಹಾಗೆಂದು ವಿಲೀನದ ಫಲವೂ ಅಲ್ಲ: ಹತ್ತು ವರ್ಷದಲ್ಲಿ ಎಂಟು ವರ್ಷ ವಿಲೀನಕ್ಕೆ ಮುಂಚಿನವು. ಜನರನ್ನು ಎಳೆದು ತಂದದ್ದು ಎರಡನೆಯ ಮಹಾಯುದ್ಧ, ಅದರ ಬೆನ್ನಿಗೇ ಎದ್ದ ಕಾರ್ಖಾನೆಗಳು.

4. ಮೂಡಲ ದಾರಿ

ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಾರ್ಖಾನೆ ಹುಟ್ಟಿದ್ದು 1940ರ ಡಿಸೆಂಬರಿನಲ್ಲಿ. ಬಂಡವಾಳ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರದ್ದು, ನೆಲ ಮೈಸೂರಿನದು. ಎದ್ದದ್ದು ದಂಡಿನ ಮೂಡಣ ಗಡಿಯ ಆಚೆ. ಯುದ್ಧಕಾಲದಲ್ಲಿ ಅದು ಅಮೆರಿಕದ ವಿಮಾನಗಳ ರಿಪೇರಿ ಕೇಂದ್ರವೂ ಆಯಿತು. 1948ರಲ್ಲಿ ಹಳೆ ಮದ್ರಾಸ್ ರಸ್ತೆಯಲ್ಲಿ, ಕೃಷ್ಣರಾಜಪುರಕ್ಕೆ ಸ್ವಲ್ಪ ಮುಂಚೆ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಬಂತು. ಅದರ ಸುತ್ತ ಬೆಳೆದ ಕಾಲೊನಿಗೆ ದೂರವಾಣಿನಗರ ಎಂಬ ಅಚ್ಚುಕಟ್ಟಾದ ಕನ್ನಡ ಹೆಸರು ಬಿತ್ತು. ಮುಂದೆ ಅದೇ ರಸ್ತೆಯ ಬೈಯಪ್ಪನಹಳ್ಳಿಯಲ್ಲಿ ರಾಜ್ಯ ಸರ್ಕಾರದ ಎನ್‌ಜಿಇಎಫ್ ತಲೆಯೆತ್ತಿತು.

ದಂಡಿನೊಳಗೆ ಜಾಗ ಇಕ್ಕಟ್ಟು, ಆಡಳಿತ ಪರರದು. ಪೇಟೆಯ ಪಕ್ಕದಲ್ಲಿ ಗಿರಣಿಗಳು, ಹೊಸ ಬಡಾವಣೆಗಳು. ಮೂಡಣದಲ್ಲಿ ಮೈಸೂರಿನ ಬಯಲು ನೆಲ, ಮದ್ರಾಸಿನ ರೈಲು, ಮದ್ರಾಸಿನ ರಸ್ತೆ ಮೂರೂ ಒಟ್ಟಿಗಿದ್ದವು. ಕಾರ್ಖಾನೆಗಳು ಅಲ್ಲಿಗೆ ಹೋದವು. ಅವುಗಳ ಹಾಜರಿ ಪುಸ್ತಕದಲ್ಲಿ ಪೇಟೆಯ ಕನ್ನಡಿಗ, ತೆಲುಗ, ದಂಡಿನ ತಮಿಳ, ಶಿವಾಜಿನಗರದ ಮುಸಲ್ಮಾನ, ಹೊಸದಾಗಿ ಬಂದ ಮಲೆಯಾಳಿ ಒಂದೇ ಪುಟದಲ್ಲಿ ಸೇರಿದರು. ಮಾರುಕಟ್ಟೆಯಲ್ಲಿ ಕೊಟ್ಟು ಕೊಳ್ಳುವಷ್ಟೇ ಇದ್ದ ನಂಟು ಕಾರ್ಖಾನೆಯಲ್ಲಿ ದಿನದ ಪಾಳಿ, ಒಂದೇ ಕ್ಯಾಂಟೀನು, ಒಂದೇ ಪಿಂಚಣಿ ನಿಯಮವಾಯಿತು. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಎಂಬ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಕೆಲಸ ನಿಲ್ಲಿಸಿದಾಗ ಊರಿನ ಎಲ್ಲ ಮೂಲೆಗಳ ಮನೆಗಳಲ್ಲೂ ಸಂಬಳ ನಿಂತಿತು. ನಗರ ಒಂದಾಗಿದೆ ಎಂಬುದಕ್ಕೆ ಕಾರ್ಪೊರೇಷನ್ನಿನ ಸಭಾಂಗಣಕ್ಕಿಂತ ಗಟ್ಟಿಯಾದ ಪುರಾವೆ ಇದು.

ನಗರದ ನಡುಗಡಿಯಲ್ಲಿ ಆದದ್ದೇ ಬೇರೆ. 1951ರಲ್ಲಿ ಶಂಕುಸ್ಥಾಪನೆಯಾಗಿ 1956ರಲ್ಲಿ ಮುಗಿದ ವಿಧಾನಸೌಧ, ಅಠಾರಾ ಕಚೇರಿಯ ಎದುರಿಗೆ, ಹಳೆಯ ಎರಡು ಊರುಗಳ ನಡುವಿನ ಜಾಗದಲ್ಲೇ ನಿಂತಿತು. ಅದೇ ವರ್ಷದ ನವೆಂಬರ್ 1ರಂದು ಏಕೀಕೃತ ರಾಜ್ಯಕ್ಕೆ ರಾಜಧಾನಿಯಾದ ಊರಿಗೆ ಅದು ಮುಖವಾಯಿತು. ಆದರೆ ಅದರ ಸುತ್ತ ಮನೆಗಳಿಲ್ಲ, ಸಂತೆಯಿಲ್ಲ. ಸಂಜೆ ಕಚೇರಿ ಬಿಟ್ಟ ಮೇಲೆ ಜನ ಅಲ್ಲಿಂದ ಎರಡು ದಿಕ್ಕಿಗೆ ಚದುರುತ್ತಾರೆ.

5. ಇಂದಿರಾನಗರ: ಸಂಬಳದಿಂದ ಎದ್ದ ಊರು

ನಕ್ಷೆ ಬಿಡಿಸಿ ನೋಡಿ. ಬಡಗಣಕ್ಕೆ ಹಳೆ ಮದ್ರಾಸ್ ರಸ್ತೆ, ಅದು ಎನ್‌ಜಿಇಎಫ್ ಮತ್ತು ಐಟಿಐಗೆ ಹೋಗುವ ದಾರಿ. ತೆಂಕಣಕ್ಕೆ ಹಳೆ ವಿಮಾನ ನಿಲ್ದಾಣದ ರಸ್ತೆ, ಅದು ಎಚ್‌ಎಎಲ್ ದಾರಿ. ಇವೆರಡರ ನಡುವಿನ ತುಂಡು ಇಂದಿರಾನಗರ, ಎರಡನ್ನೂ ಸೇರಿಸುವುದು ನೂರಡಿ ರಸ್ತೆ. ಬಿನ್ನಮಂಗಲದ ಹೊಲಗಳ ಮೇಲೆ ಬಡಾವಣೆ ಮೈತುಂಬಿಕೊಂಡದ್ದು ಮುಖ್ಯವಾಗಿ 1970ರ ದಶಕದಲ್ಲಿ. ಇವತ್ತಿಗೂ ವಿಳಾಸಗಳಲ್ಲಿ ‘ಎಚ್‌ಎಎಲ್ ಎರಡನೇ ಹಂತ’, ‘ಎಚ್‌ಎಎಲ್ ಮೂರನೇ ಹಂತ’ ಉಳಿದಿವೆ. ಸಾಲ ಮಾಡಿ ನಿವೇಶನದಲ್ಲಿ ಮನೆ ಕಟ್ಟಿ, ಹಿತ್ತಲಲ್ಲಿ ತೆಂಗು ನೆಟ್ಟ ನೌಕರರ ಊರು ಇದಾಗಿತ್ತು. ಅಲ್ಲಿಯ ಇಎಸ್‌ಐ ಆಸ್ಪತ್ರೆ ಆ ಕಾರ್ಮಿಕ ಕಾಲವನ್ನು ಇನ್ನೂ ನೆನಪಿಸುತ್ತದೆ.

1990ರ ನಂತರ ಸಾರ್ವಜನಿಕ ವಲಯದ ಬಲ ಕುಗ್ಗಿತು. ಎನ್‌ಜಿಇಎಫ್ 2002ರಲ್ಲಿ ಬಾಗಿಲು ಹಾಕಿತು. ಆ ಹೊತ್ತಿಗೆ ವೈಟ್‌ಫೀಲ್ಡಿನ ಟೆಕ್ ಪಾರ್ಕು, ಸಿ.ವಿ. ರಾಮನ್ ನಗರದ ಕಂಪನಿಗಳು ಮೂಡಣವನ್ನೇ ಹಿಡಿದವು. ನಿವೃತ್ತ ನೌಕರನ ಮನೆಯ ನೆಲಮಹಡಿ ಅಂಗಡಿಯಾಯಿತು, ಆಮೇಲೆ ಕಚೇರಿ, ಆಮೇಲೆ ಹೋಟೆಲು. ತೆಂಗಿನ ಮರದ ಜಾಗಕ್ಕೆ ಕಾರು ನಿಲ್ಲಿಸುವ ಜಾಗ ಬಂತು. ಕಾರ್ಖಾನೆಗಳ ಕಾಲ ಹೋದರೂ ಹಳೆ ಮದ್ರಾಸ್ ರಸ್ತೆಯ ಬಸ್ ಕಂಡಕ್ಟರ್ ಮಾತ್ರ ಈಗಲೂ ‘ಟಿನ್ ಫ್ಯಾಕ್ಟರಿ, ಟಿನ್ ಫ್ಯಾಕ್ಟರಿ’ ಎಂದೇ ಕೂಗುತ್ತಾನೆ, ಕೊರಳಿಗೆ ಗುರುತಿನ ಚೀಟಿ ಹಾಕಿದ ಹುಡುಗ ಹುಡುಗಿಯರು ಅಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಓಡುತ್ತಾರೆ.

6. ನುಡಿಯ ಲೆಕ್ಕ

ಆರ್ಥಿಕವಾಗಿ ಬಿದ್ದ ಬೆಸುಗೆಯಷ್ಟು ಸಲೀಸಾಗಿ ನುಡಿಯ ನಂಟು ಕೂಡಲಿಲ್ಲ. ರಾಜಧಾನಿಯ ಅರ್ಧ ಭಾಗದಲ್ಲಿ ಕನ್ನಡ ಹಿನ್ನೆಲೆಯಲ್ಲಿದೆ ಎಂಬ ನೋವು 1960ರ ದಶಕದ ಅ.ನ.ಕೃ., ಮ. ರಾಮಮೂರ್ತಿ ಅವರ ಕನ್ನಡ ಚಳವಳಿಯಿಂದ 1982ರ ಗೋಕಾಕ್ ಚಳವಳಿಯವರೆಗೆ ಮತ್ತೆ ಮತ್ತೆ ಮಾತಾಯಿತು. ಕೆಲಸಗಳಲ್ಲಿ ಕನ್ನಡಿಗರಿಗೆ ಆದ್ಯತೆ ಬೇಕೆಂದ ಸರೋಜಿನಿ ಮಹಿಷಿ ಸಮಿತಿಯ 1986ರ ವರದಿ ಮುಖ್ಯವಾಗಿ ಕಣ್ಣಿಟ್ಟ ಜಾಗಗಳಲ್ಲಿ ಇದೇ ಸಾರ್ವಜನಿಕ ಉದ್ದಿಮೆಗಳಿದ್ದವು. ಜನರನ್ನು ಒಂದು ಮಾಡಿದ ಹಾಜರಿ ಪುಸ್ತಕವೇ ಜಗಳದ ವಿಷಯವೂ ಆಯಿತು.

ನುಡಿಯ ಈ ಜಗಳವನ್ನು ಹತ್ತಿರದಿಂದ ಕಾಣಬೇಕಾದರೆ ಹಲಸೂರು ಕೆರೆಯ ದಂಡೆಗೆ ಹೋಗಬೇಕು. ತಿರುವಳ್ಳುವರ್ ಪ್ರತಿಮೆ ಅಲ್ಲಿ 1991ರಲ್ಲೇ ನಿಂತಿತ್ತು, ಆದರೆ ಮುಸುಕು ತೆಗೆಯಲಾಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕಾವೇರಿ ಗಲಭೆಗೆ ನಗರದ ತಮಿಳರು ತುತ್ತಾದರು. ಪ್ರತಿಮೆ ಹದಿನೆಂಟು ವರ್ಷ ಮುಸುಕಿನಲ್ಲೇ ಕಳೆಯಿತು. 2009ರ ಆಗಸ್ಟ್ 9ರಂದು ಅನಾವರಣವಾಯಿತು, ನಾಲ್ಕೇ ದಿನಕ್ಕೆ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿತು. ಕಾಯಿದೆಯ ಒಂದು ಸಾಲಿನಲ್ಲಿ ಮುಗಿದ ಕೂಡಿಕೆಯನ್ನು ಜನಮನ ಒಪ್ಪಲು ಎಷ್ಟು ಕಾಲ ಹಿಡಿಯಿತು ಎಂಬುದಕ್ಕೆ ಆ ಮುಸುಕಿನ ಬಟ್ಟೆಯೇ ಅಳತೆ. ಹೈದರಾಬಾದು, ಸಿಕಂದರಾಬಾದುಗಳ ಕಾರ್ಪೊರೇಷನ್ನುಗಳೂ 1960ರಲ್ಲಿ ಒಂದಾದವು, ಆದರೂ ಅವುಗಳನ್ನು ಇನ್ನೂ ‘ಅವಳಿ ನಗರ’ ಎನ್ನುತ್ತಾರೆ. ಬೆಂಗಳೂರನ್ನು ಯಾರೂ ಹಾಗೆ ಕರೆಯುವುದಿಲ್ಲ. ಅಷ್ಟರಮಟ್ಟಿಗೆ ಇಲ್ಲಿಯ ಗಾಯ ಮಾಗಿದೆ.

7. ಗಡಿ ಸರಿದ ಜಾಗ

ಹಳೆಯ ಗಡಿ ಅಳಿಸಿದೆಯೇ ಎಂದು ನೋಡಲು ಎರಡು ಇತ್ತೀಚಿನ ನಕ್ಷೆಗಳು ನೆರವಾಗುತ್ತವೆ. ಮೊದಲನೆಯದು ಮೆಟ್ರೊ. 2011ರ ಅಕ್ಟೋಬರ್ 20ರಂದು ಓಡಿದ ಮೊದಲ ರೈಲು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ, ಅಂದರೆ ಮೂಡಣದಿಂದ ದಂಡಿನವರೆಗೆ ಬಂದು ನಿಂತಿತು. ಅಲ್ಲಿಂದ ಕಬ್ಬನ್ ಪಾರ್ಕು, ವಿಧಾನಸೌಧಗಳ ನೆಲದಡಿ ಹಾದು ಮೆಜೆಸ್ಟಿಕ್ ಮುಟ್ಟಿದ್ದು 2016ರ ಏಪ್ರಿಲ್ ಕೊನೆಯಲ್ಲಿ. ಆಮೇಲೆ ಮೂಡಲ ತುದಿಯಲ್ಲಿ ಇನ್ನೊಂದು ಕಂದಕ ತೆರೆದುಕೊಂಡಿತು: ಕೃಷ್ಣರಾಜಪುರದಿಂದ, ಅಂದರೆ ಕೆ.ಆರ್. ಪುರದಿಂದ, ವೈಟ್‌ಫೀಲ್ಡಿಗೆ 2023ರ ಮಾರ್ಚ್ 25ರಂದು ರೈಲು ಶುರುವಾದರೂ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಎರಡು ಕಿಲೋಮೀಟರ್ ಚಿಲ್ಲರೆ ದೂರಕ್ಕೆ ಅಕ್ಟೋಬರ್ 9ರವರೆಗೆ ಬಸ್ಸೇ ಗತಿ. ಬೆನ್ನಿಗಾನಹಳ್ಳಿಯ ಬಳಿ ರೈಲುಹಳಿಗಳ ಮೇಲೆ ಉಕ್ಕಿನ ಸೇತುವೆ ಕೂರಿಸುವ ಕೆಲಸ ಅಷ್ಟು ತಡಮಾಡಿತ್ತು.

ಎರಡನೆಯದು ಆಡಳಿತದ ನಕ್ಷೆ. ಕೆ.ಆರ್. ಪುರ, ಮಹದೇವಪುರದ ನಗರಸಭೆಗಳು 2007ರಲ್ಲಷ್ಟೇ ಬೃಹತ್ ಬೆಂಗಳೂರಿನ ಪಾಲಾಗಿದ್ದವು. ಗ್ರೇಟರ್ ಬೆಂಗಳೂರು ಕಾಯಿದೆಯ ಅನ್ವಯ 2025ರ ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಗಿ ಒಡೆಯಿತು. ವಿಲೀನವಾಗಿ 76 ವರ್ಷಕ್ಕೆ ಬಂದ ಈ ವಿಭಜನೆಯಲ್ಲಿ 1881ರ ಗೆರೆಯ ಸುಳಿವೇ ಇಲ್ಲ: ಶಿವಾಜಿನಗರ ಮತ್ತು ಚಿಕ್ಕಪೇಟೆ, ದಂಡು ಮತ್ತು ಪೇಟೆ, ಎರಡೂ ಕೇಂದ್ರ ಪಾಲಿಕೆಯೊಳಗೆ ಒಟ್ಟಿಗಿವೆ. ಕೆ.ಆರ್. ಪುರ, ಮಹದೇವಪುರಗಳು ಪೂರ್ವ ಪಾಲಿಕೆಯಾಗಿ ಬೇರೆಯಾದವು.

ಹಾಗಾಗಿ ‘ಆಮೇಲೆ’ಯನ್ನು ‘ಆದ್ದರಿಂದ’ ಎಂದು ಓದುವುದು ಅವಸರದ ಓದು. 1949ರ ಕಾಯಿದೆ ಎರಡು ಪುರಸಭೆಗಳನ್ನು ಕೂಡಿಸಿತು. ಪೇಟೆಯವರನ್ನೂ ದಂಡಿನವರನ್ನೂ ಸಹೋದ್ಯೋಗಿಗಳಾಗಿ, ನೆರೆಹೊರೆಯವರಾಗಿ ಕೂಡಿಸಿದ್ದು ಹಲಸೂರಿನಿಂದ ದೂರವಾಣಿನಗರದವರೆಗಿನ ಮೂಡಲ ದಾರಿ. ಬೆನ್ನಿಗಾನಹಳ್ಳಿಯಿಂದ ಆಚೆಗೆ ಆ ದಾರಿಯ ತುದಿ ಈಗ ಇನ್ನೊಂದು ಪಾಲಿಕೆಗೆ ಸೇರಿದೆ.