ಆರ್ಗನ್ನಿನ ನಾಲ್ಕು ನಾದಕುಟುಂಬಗಳೂ ನಮ್ಮ ಪೇಟಿಯೂ

ಐನಾಪುರದ ಸೀಮೆಯಲ್ಲಿ ಪೇಟಿಯ ನಾದವನ್ನು ಕೇಳದವರು ವಿರಳ. ಭಜನೆಗೂ ನಾಟಕಕ್ಕೂ ಒದಗುವ ಈ ಹಾರ್ಮೋನಿಯಂ ನಾಡಿನ ಅನೇಕ ದೇವಾಲಯಗಳಲ್ಲಿ ಬಲಿಪೂಜೆಯ ಗೀತೆಗಳಿಗೂ ಆಸರೆಯಾಗಿದೆ. ಅದರ ಹಿರಿಯ ಬಂಧುವಾದ ಪೈಪ್ ಆರ್ಗನ್ನನ್ನು ಈ ಶುಭಸಂದರ್ಭದಲ್ಲಿ ಸ್ಮರಿಸುವುದು ಉಚಿತ.

ಕ್ರಿ.ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ಜಲದ ಒತ್ತಡದಿಂದ ನುಡಿಯುವ ಆರ್ಗನ್ನನ್ನು ರಚಿಸಿದನು. ಕ್ರಿ.ಶ. 757ರಲ್ಲಿ ಬೈಜಾಂಟಿಯಂ ಚಕ್ರವರ್ತಿಯು ಫ್ರಾಂಕರ ಅರಸ ಪೆಪಿನನಿಗೆ ಅಂತಹುದೊಂದು ವಾದ್ಯವನ್ನು ಕಾಣಿಕೆಯಿತ್ತನು. ಕಾಲಕ್ರಮದಲ್ಲಿ ಅದು ಅರಮನೆಯಿಂದ ದೇವಾಲಯಕ್ಕೆ ಬಂದು ನೆಲೆಸಿತು.

ಅದರ ಕೊಳವೆಗಳಲ್ಲಿ ನಾಲ್ಕು ಕುಟುಂಬಗಳುಂಟು. ತವರ-ಸೀಸಗಳ ಮಿಶ್ರಲೋಹದ ಪ್ರಿನ್ಸಿಪಲ್ ಕೊಳವೆಗಳ ನಿಚ್ಚಳ ದನಿಯೇ ಆರ್ಗನ್ನಿನ ನಿಜಸ್ವರ. ಸಭೆಯ ಹಾಡನ್ನು ಮುನ್ನಡೆಸುವ ಹೊಣೆ ಅದರದು. ಅಗಲವಾದ, ಹಲವೊಮ್ಮೆ ಮರದಿಂದಾದ ಫ್ಲೂಟ್ ಕೊಳವೆಗಳು ಕೊಳಲಿನಂತೆ ಮೃದು; ಧ್ಯಾನದ ವೇಳೆಗೆ ಒಪ್ಪುತ್ತವೆ. ಕಿರಿದಾದ ಸ್ಟ್ರಿಂಗ್ ಕೊಳವೆಗಳು ತಂತಿಯಿಲ್ಲದೆಯೇ ಪಿಟೀಲನ್ನು ನೆನಪಿಸಿ ಹಿನ್ನೆಲೆಗೆ ಬಣ್ಣವೀಯುತ್ತವೆ. ರೀಡ್ ಕೊಳವೆಗಳಲ್ಲಿ ಹಿತ್ತಾಳೆಯ ನಾಲಿಗೆ ಕಂಪಿಸುವುದರಿಂದ ಕಹಳೆಯ ಗಾಂಭೀರ್ಯ ಹೊಮ್ಮಿ ಹಬ್ಬಕ್ಕೆ ಮೆರುಗು ಬರುತ್ತದೆ.

1840ರ ದಶಕದಲ್ಲಿ ಪ್ಯಾರಿಸ್ಸಿನ ದೆಬ್ಯಾಂ ಪ್ರಚುರಪಡಿಸಿದ ಹಾರ್ಮೋನಿಯಮ್ಮಿಗೆ ಕಲ್ಕತ್ತದ ದ್ವಾರಕಾನಾಥ ಘೋಷರು ಅದೇ ಶತಮಾನದ ಉತ್ತರಾರ್ಧದಲ್ಲಿ ಕೈತಿದಿಯ ರೂಪವಿತ್ತರು. ಅದರಲ್ಲಿ ಕೊಳವೆಗಳಿಲ್ಲ, ಲೋಹದ ನಾಲಿಗೆಗಳು ಮಾತ್ರ; ಹೀಗೆ ಪೇಟಿಯು ರೀಡ್ ಕುಟುಂಬದ ದೂರದ ನೆಂಟ.

1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪೈಪ್ ಆರ್ಗನ್ನನ್ನು ಗೌರವಿಸುತ್ತಲೇ ಯೋಗ್ಯವಾದ ಇತರ ವಾದ್ಯಗಳಿಗೂ ಆರಾಧನೆಯಲ್ಲಿ ಎಡೆಮಾಡಿತು. ಆದರೆ ಪೇಟಿಯಲ್ಲಿ ಪ್ರಿನ್ಸಿಪಲ್ ಇಲ್ಲ. ಹಾಡನ್ನು ಮುನ್ನಡೆಸುವ ಆ ಸ್ಥಾನವನ್ನು ತುಂಬಬೇಕಾದುದು ಭಕ್ತಜನರ ಕಂಠವೇ. ಗಾನವೃಂದಕ್ಕೆ ಹಾಡನ್ನು ಒಪ್ಪಿಸಿ ನಾವು ಮೌನವಾದರೆ, ವಾದ್ಯವೆಷ್ಟು ಇಂಪಾಗಿದ್ದರೂ ಸ್ತುತಿ ಅಪೂರ್ಣ.