ಗಣಕದಿಂದ ಗಣಕಕ್ಕೆ ಕನ್ನಡ

ಹಿಂದೂಪುರ, ಪೆನುಕೊಂಡ, ಮಡಕಶಿರಾ ಸೀಮೆಯಲ್ಲಿ ಕನ್ನಡಕ್ಕೆ ಕಲ್ಲೇ ಹಳೆಯ ಕಡತ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿಯ ಶಾಸನಗಳನ್ನು ಸಾವಿರ ವರ್ಷಗಳ ತರುವಾಯವೂ ಬಲ್ಲವರು ಓದುತ್ತಾರೆ. ಆದರೆ ಇಪ್ಪತ್ತು ವರ್ಷಗಳ ಹಿಂದೆ ಗಣಕದಲ್ಲಿ ಬೆರಳಚ್ಚು ಮಾಡಿಟ್ಟ ಕನ್ನಡವನ್ನು ಹೊಸ ಲ್ಯಾಪ್‌ಟಾಪಿಗೆ ಸಾಗಿಸಿ ತೆರೆದರೆ, ಅಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಮ್ಮ ಸೋಮಂದೇಪಲ್ಲಿಯ ಕಡೆಯ ಹಿರಿಯರು ಕೂಡಿಹಾಕಿದ ಹಾಡು, ವಂಶಾವಳಿ, ಸಭೆಯ ನಡಾವಳಿಗಳು ಹೀಗೆ ಕಣ್ಣೆದುರೇ ಮರೆಯಾಗುತ್ತಿವೆ. ಕನ್ನಡವು ರಾಜ್ಯಭಾಷೆಯಲ್ಲದ ಈ ಸೀಮೆಯಲ್ಲಿ ಅವುಗಳಿಗೆ ಬೇರೊಂದು ಪ್ರತಿ ದೊರೆಯುವುದು ದುರ್ಲಭ.

ಕಾರಣವನ್ನು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. ಗಣಕವು ಅಕ್ಷರವನ್ನು ಅರಿಯದು, ಸಂಖ್ಯೆಯನ್ನಷ್ಟೇ ಅರಿಯುತ್ತದೆ. ಅಂದಿನ ಗಣಕಗಳಲ್ಲಿ ಅಕ್ಷರಗಳಿಗಿದ್ದ ಮನೆಗಳು 256. ಅವುಗಳಲ್ಲಿ ಬಹುಪಾಲು ರೋಮನ್ ಲಿಪಿಯ ವಶದಲ್ಲಿದ್ದವು. ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ಇಸ್ಕಿ ಎಂಬ ಮಾನಕ ಬಂದಿತಾದರೂ ಮುದ್ರಣಾಲಯಗಳು ಅದನ್ನು ಕಾದು ಕುಳಿತಿರಲಿಲ್ಲ. ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ಚಿತ್ರಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿಯೇ ಕೂಡಿಸಿದರು. ತೆರೆಯ ಮೇಲೆ ಕನ್ನಡ, ಕಡತದೊಳಗೆ ರೋಮನ್! ಒಬ್ಬ ತಯಾರಕರ ಜೋಡಣೆ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಮುಂದೆ ಕರ್ನಾಟಕ ಸರಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಕೊಟ್ಟಿತು. ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವು ಮನೆಮನೆಗೆ ತಲುಪಿತು. ಬರೆಯುವ ಕಷ್ಟ ಕಳೆಯಿತು, ಸಾಗಿಸುವ ಕಷ್ಟ ಉಳಿಯಿತು.

ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ದೊರೆತದ್ದೂ 1991ರಲ್ಲಿಯೇ. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡದವು. ‘ಅ’ 3205, ‘ಕ’ 3221. ಅದಕ್ಕೆ ಒತ್ತಿಕೊಂಡಂತೆ 3072ರಿಂದ 3199ರವರೆಗೆ ತೆಲುಗು. ಗಡಿನಾಡಿನವರಾದ ನಮಗೆ ಈ ನೆರೆಮನೆ ಹೊಸತೇನಲ್ಲ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಅಕ್ಷರಶೈಲಿಯೊಡನೆ ಬಂದ ಮೇಲೆ ಸಾಮಾನ್ಯರ ಗಣಕಕ್ಕೂ ಈ ಕನ್ನಡ ಇಳಿಯಿತು.

ಆದುದರಿಂದ ಯಂತ್ರವನ್ನು ಬದಲಿಸುವವರು ಎರಡು ಬಗೆಯ ಸಾಗಾಟವನ್ನು ಬೇರೆಬೇರೆಯಾಗಿ ಎಣಿಸಬೇಕು. ತಂತ್ರಾಂಶವನ್ನು ಕಡತದಂತೆ ನಕಲು ಮಾಡಿ ತಂದರೆ ಅದು ಸಾಮಾನ್ಯವಾಗಿ ನಡೆಯದು. ಹೊಸ ಯಂತ್ರದಲ್ಲಿ ಮತ್ತೆ ಸ್ಥಾಪಿಸಬೇಕು. ಕಡತಗಳು ಪೆನ್‌ಡ್ರೈವಿನಲ್ಲಿ ಬರುತ್ತವೆ, ಆದರೆ ಅವುಗಳನ್ನು ಬರೆದ ಅಕ್ಷರಶೈಲಿ ಜೊತೆಗೆ ಬರಲೇಬೇಕೆಂದಿಲ್ಲ. ಅದನ್ನು ಹಾಕಿದರೆ ಓದಲು ಬರುತ್ತದೆ; ಹುಡುಕಲು, ಇತರರಿಗೆ ಕಳುಹಿಸಲು ಯೂನಿಕೋಡಿಗೆ ಪರಿವರ್ತಿಸಲೇಬೇಕು. ಈ ಪರಿವರ್ತನೆಯಲ್ಲಿ ಕಾಡುವುದು ಅರ್ಕಾವತ್ತು. ‘ಧರ್ಮ’ದ ರೇಫವು ಹಳೆಯ ಕಡತದಲ್ಲಿ ‘ಮ’ದ ಅನಂತರ, ಕಣ್ಣಿಗೆ ಕಾಣುವ ಕ್ರಮದಲ್ಲಿ ಇರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ‘ಮ’ಕ್ಕೆ ಮೊದಲು. ಪರಿವರ್ತಕವು ಇಲ್ಲಿ ಎಡವಿದರೆ ಹೆಸರುಗಳೇ ಕೆಡುತ್ತವೆ. ಹೀಗಾಗಿ ಹಳೆಯ ಮುದ್ರಿತ ಪ್ರತಿಯಿದ್ದರೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ತೆರೆಯನ್ನು ನೋಡುತ್ತಿರಬೇಕು. ಅದು ಮುಗಿಯುವ ತನಕ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಕೊಡಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ.

ಶಾಸನದ ಪಾಠಗಳನ್ನು ನಕಲು ಮಾಡುವವರಿಗೆ ಇನ್ನೊಂದು ಮಾತು. ಹಳಗನ್ನಡದ ಱ, ೞ ಎರಡಕ್ಕೂ ಯೂನಿಕೋಡಿನಲ್ಲಿ ಸ್ಥಾನವಿದೆ. ‘ೞ’ವನ್ನು ಅದರ ಪಟ್ಟಿಯಲ್ಲಿ ‘ಫ಼’ ಎಂಬ ತಪ್ಪು ಹೆಸರಿನಿಂದ ನಮೂದಿಸಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮವಾದ್ದರಿಂದ, ತಿದ್ದುಪಡಿಯ ಹೆಸರನ್ನು ಪಕ್ಕದಲ್ಲಿ ಸೇರಿಸಿ ಸುಮ್ಮನಾಗಿದ್ದಾರೆ. ಹೆಸರು ಕಂಡು ಬೆದರಬೇಕಿಲ್ಲ. ಅಕ್ಷರ ಸರಿಯಾಗಿಯೇ ಮೂಡುತ್ತದೆ.